ಕೈಗುಣ

ನಮ್ಮ ನರ್ಸಿಂಗ್ ತರಗತಿಯಲ್ಲಿ ಮೊದಲ ಸಲಕ್ಕೇ ರಕ್ತನಾಳ ಹುಡುಕಿ ಸೂಜಿ ಚುಚ್ಚುತ್ತಿದ್ದವಳು ಜಾಣಮ್ಮ ಒಬ್ಬಳೇ. ಹೇಗೆಂದು ಕೇಳಿದರೆ, "ಕೈಗುಣ ಹುಟ್ಟಿನಿಂದ ಬರ್ಬೇಕು ಕಣ್ರೇ" ಎಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ನನಗೋ, ನಾಲ್ಕು ಸಲ ಚುಚ್ಚಿದರೂ ನಾಳ ಸಿಗುತ್ತಿರಲಿಲ್ಲ.

ಪಾಠ, ವಾರ್ಡು, ಪರೀಕ್ಷೆ ಎಂದು ಎಲ್ಲರೂ ಹಿಂಡಿದ ಬಟ್ಟೆಯಂತಾಗಿದ್ದೆವು. ಮೊದಲು ಕುಸಿದದ್ದು ಜಾಣಮ್ಮನೇ. ಅವಳಿಗೆ ಡ್ರಿಪ್ ಹಾಕಲು ಸಿಸ್ಟರ್ ನನ್ನನ್ನೇ ಕರೆಯಬೇಕೇ! ಇಡೀ ತರಗತಿ ಮಂಚದ ಸುತ್ತ ನೆರೆಯಿತು. ಒಂದು ಸಲ ತಪ್ಪಿತು, ಇನ್ನೊಂದು ಸಲವೂ ತಪ್ಪಿತು. ಮತ್ತೆ ಸೂಜಿ ಎತ್ತಿದೆ. ಜಾಣಮ್ಮನ ಬಾಯಿಯ ಬೀಗ ತಾನಾಗಿ ಕಳಚಿ ಬಿತ್ತು.

"ಅಯ್ಯೋ, ಕಣ್ಣಲ್ಲಿ ಹುಡುಕ್ಬೇಡ ಕಣೇ, ಬೆರಳಲ್ಲಿ ಒತ್ತಿ ನೋಡು! ಚರ್ಮ ಎಳೆದು ಹಿಡಿ! ಸೂಜಿ ಮಲಗಿಸು!"

ನಾಳ ಸರಕ್ಕನೆ ಸಿಕ್ಕಿತು. ಟೇಪು ಅಂಟಿಸಿ ಡ್ರಿಪ್ ಬಿಟ್ಟೆ.

"ಹಿಂದೆ ನಿಂತೋರಿಗೆ ಕೇಳಿಸ್ಲಿಲ್ವಂತೆ" ಎಂದೆ. "ಇನ್ನೊಂದ್ಸಲ ಹೇಳ್ತೀಯಾ, ಇಲ್ಲಾ ಇನ್ನೊಂದು ಕೈ ಕೊಡ್ತೀಯಾ?"