ಜಡ್ಜ್ ಸಾಹೇಬರು ಕುಡಿಯದ ಚಹಾ

ನಿವೃತ್ತ ಜಿಲ್ಲಾ ನ್ಯಾಯಾಧೀಶ ಪ್ರಭುಲಿಂಗಪ್ಪನವರು ಗಜೇಂದ್ರಗಡದ ತಮ್ಮ ಮನೆಯ ಮುಂದೆ ‘ಉಚಿತ ಸಂಧಾನ ಕೇಂದ್ರ’ ಎಂಬ ಬೋರ್ಡು ಹಾಕಿಸಿ ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಒಬ್ಬ ಬಂದು ಮಾರ್ಕ್ಸ್ ಕಾರ್ಡಿನ ನಕಲಿಗೆ ಸಹಿ ಕೇಳಿದ. ಇನ್ನೊಬ್ಬ ಮಗನ ಮದುವೆಗೆ ವರಾಂಡದ ಪ್ಲಾಸ್ಟಿಕ್ ಕುರ್ಚಿಗಳನ್ನು ಕೇಳಿದ. ಜಗಳ ಹೊತ್ತುಕೊಂಡು ಯಾರೂ ಬರಲಿಲ್ಲ. ಹಾಗೆಂದು ಊರಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ರೋಣದ ಕೋರ್ಟಿಗೆ ಹೋಗುವವರಿಂದಲೇ ಬೆಳಗಿನ ಬಸ್ಸು ತುಂಬುತ್ತಿತ್ತು.

“ಪುಕ್ಕಟೆ ಅಂತ ಬರದ್ರ ಯಾರ್ ನಂಬ್ತಾರ್ರೀ?” ಎಂದರು ಹೆಂಡತಿ ಅನ್ನಪೂರ್ಣ. “ಅದೂ ಅಲ್ದ, ನಿಮ್ಮ ಗುರ್ತರ ಯಾರಿಗೈತಿ? ಖಾಸಾ ತಂಗಿ ಮಗಳ ಮದುವ್ಯಾಗ ಅಕ್ಕಿಕಾಳ ಹಾಕಿ, ಉಣ್ಣದ ಎದ್ದ ಬಂದ ಮನಷ್ಯಾ ನೀವು.”

ಅದು ಸುಳ್ಳಲ್ಲ. ವರನ ಕಾಕಾ ಇವರ ಕೋರ್ಟಿನಲ್ಲೇ ವಕೀಲನಾಗಿದ್ದ. ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿನ ನಡುವೆ ಓದಿ, ಧಾರವಾಡದಲ್ಲಿ ಕಾನೂನು ಮುಗಿಸಿ, ರೋಣದಲ್ಲಿ ಕೆಲವು ವರ್ಷ ವಕೀಲಿ ಮಾಡಿ ನ್ಯಾಯಾಧೀಶರಾದ ಪ್ರಭುಲಿಂಗಪ್ಪ, ಬೀದರಿನಿಂದ ಕೊಳ್ಳೇಗಾಲದವರೆಗೆ ಎಲ್ಲಿಗೆ ವರ್ಗವಾದರೂ ಒಂದು ನಿಯಮ ಬಿಡಲಿಲ್ಲ: ಯಾರ ಮನೆಯಲ್ಲೂ ಚಹಾ ಕುಡಿಯುವುದಿಲ್ಲ. ಇಂದು ಕಪ್ಪು ಮುಂದಿಟ್ಟವನು ನಾಳೆ ಕಟಕಟೆ ಹತ್ತಬಹುದು. ಅವರ ತೀರ್ಪುಗಳು ಮೇಲಿನ ಕೋರ್ಟಿನಲ್ಲಿ ಆಗಾಗ ಬಿದ್ದುಹೋಗಿದ್ದವು. ನಡತೆಯ ಬಗ್ಗೆ ಮಾತ್ರ ಒಂದು ದೂರೂ ಇರಲಿಲ್ಲ. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೆಲ್ಲ ಚಹಾದ ಸಂಗತಿಯನ್ನೇ ಹೊಗಳಿದರು. ಬೇರೆ ಏನನ್ನಾದರೂ ಹೇಳುವಷ್ಟು ಅವರನ್ನು ಯಾರೂ ಬಲ್ಲವರಾಗಿರಲಿಲ್ಲ.

ಈಗ ಅವರಿಗೆ ಬೇಕಾಗಿದ್ದು ಒಂದೇ. ಊರು ತಮ್ಮನ್ನು ತನ್ನವನೆಂದು ಕರೆಯಬೇಕು. ಒಂದಾದರೂ ಜಗಳ ಬಗೆಹರಿದರೆ ಅದಕ್ಕೆ ದಾರಿಯಾದೀತು ಎಂದು ಅವರು ನಂಬಿದ್ದರು.

ಕೊನೆಗೂ ತಿಪ್ಪವ್ವ ಬಂದಳು. ಅವರು ಹುಟ್ಟಿ ಬೆಳೆದ ಹಳೆಯ ಓಣಿಯವಳು, ಗಂಡ ತೀರಿಕೊಂಡ ಮೇಲೆ ಮಗ್ಗ ನಡೆಸಿಕೊಂಡು ಬಂದವಳು.

“ಅಣ್ಣಾರ, ನನ್ನ ಮೈದುನ ಹನಮಂತ ಗಾಡಿ ತಗೊಂಡಾನ. ನಸುಕಿನ್ಯಾಗ ಕಾಯಿಪಲ್ಲೆ ಹೇರ್ಕೊಂಡ ನರಗುಂದಕ್ಕ ಹೋಗ್ತಾನ. ನಾ ಅದ ಹೊತ್ತಿನ್ಯಾಗ ಓಣಿ ತುಂಬ ಹಾಸಿನ ಉದ್ದನ್ನ ನೂಲ ಚಾಚಿ ಗಂಜಿ ಹಚ್ಚಬೇಕು. ಮೊನ್ನೆ ನೂಲಿನ ಮ್ಯಾಲೆ ಗಾಡಿ ಹಾಯಿಸಿದ. ಒಂದ್ ಸೀರಿ ಹಾಸು ಚಿಂದಿ ಆತು. ನೀವ್ ನ್ಯಾಯ ಹೇಳದಿದ್ರ ನಾ ರೋಣಕ್ಕ ಹೋಗಿ ದಾವಾ ಹಾಕಾಕಿ.”

ಬಹಳ ವರ್ಷಗಳ ಮೇಲೆ ಯಾರೋ ಅವರನ್ನು ಅಣ್ಣ ಎಂದಿದ್ದರು. ಮರುದಿನವೇ ಸ್ಥಳ ಪರಿಶೀಲನೆಗೆ ಹೊರಟರು. ಓಣಿಯ ಅಗಲ ಅಳೆದರು. ತಿಪ್ಪವ್ವನ ಮನೆಯಲ್ಲಿ ಕೂತು ಹೇಳಿಕೆ ಬರೆದುಕೊಂಡರು. ಅವಳು ಚಹಾ ತಂದಾಗ ಅಂಗೈ ಎತ್ತಿ, “ಬ್ಯಾಡ್ರಿ, ನಾ ತಗೊಳ್ಳೂದಿಲ್ಲ” ಎಂದರು. ಎದುರು ಮನೆಯಲ್ಲಿ ಹನಮಂತಪ್ಪನ ಹೇಳಿಕೆ ಪಡೆದರು. ಅವನ ಹೆಂಡತಿ ತಂದ ಚಹಾಕ್ಕೂ ಅದೇ ಅಂಗೈ, ಅದೇ ಮಾತು. ಎರಡೂ ಕಡೆ ಒಂದೇ ಅಳತೆ. ಮನಸ್ಸಿಗೆ ತೃಪ್ತಿಯಾಯಿತು.

“ವಿಚಾರ ಮಾಡಿ ಸೋಮವಾರ ಹೇಳ್ತೇನಿ” ಎಂದು ಎದ್ದರು.

“ಇಲ್ಲೂ ತಾರೀಖ್ ಬಿತ್ತೇನ್ರಿ?” ಎಂದ ಹನಮಂತಪ್ಪ. ಬಾಗಿಲಲ್ಲಿ ನಿಂತವರು ನಕ್ಕರು. ಪ್ರಭುಲಿಂಗಪ್ಪನವರೂ ನಕ್ಕರು, ಸ್ವಲ್ಪ ತಡವಾಗಿ.

ಸೋಮವಾರ ಬೆಳಿಗ್ಗೆ ಬೇಗನೆ ಓಣಿಗೆ ಬಂದರು. ತಿಪ್ಪವ್ವನಿಗೆ ಯಾವ ದಿನ, ಗಾಡಿಗೆ ಯಾವ ಹೊತ್ತು ಎಂದು ನಿಷ್ಪಕ್ಷಪಾತವಾದ ವ್ಯವಸ್ಥೆಯೊಂದು ತಲೆಯಲ್ಲಿ ಸಿದ್ಧವಾಗಿತ್ತು. ನೋಡಿದರೆ ಗಾಡಿ ಓಣಿಯ ಹೊರಗೆ ಹೆದ್ದಾರಿಯ ಬದಿಗೆ ನಿಂತಿದೆ. ಓಣಿಯುದ್ದಕ್ಕೂ ಕೆಂಪು ನೂಲು ಚಾಚಿದೆ. ಅದರ ಒಂದು ತುದಿಯನ್ನು ಹನಮಂತಪ್ಪ ಹಿಡಿದು ನಿಂತಿದ್ದಾನೆ.

“ಏನಿದು? ನಾ ಇನ್ನೂ ಏನೂ ಹೇಳಿಲ್ಲ.”

“ನೀವ್ ಹೇಳೂದ ಬ್ಯಾಡ್ರಿ ಸಾಹೇಬ್ರ” ಎಂದಳು ತಿಪ್ಪವ್ವ. ಅಣ್ಣ ಹೋಗಿ ಸಾಹೇಬ ಬಂದಿದ್ದ. “ನೀವ್ ನಮ್ಮನ್ಯಾಗ ಚಾ ಮುಟ್ಟಲಿಲ್ಲ. ಇಂವನ ಮನ್ಯಾಗ ಭಾಳೊತ್ತ ಕುಂತ್ರಿ. ಅಲ್ಲೇ ಕುಡ್ದಾರ, ಅವನ ಕಡೆ ಆಗ್ಯಾರ ಅಂತ ತಿಳಕೊಂಡ್ನಿ. ಸಿಟ್ಟ ಬಂದು ಇಂವನ ಬಾಗಿಲಿಗೇ ಹೋಗಿ ಕೇಳಿದ್ನಿ.”

“ಅಲ್ರಿ, ನಾನೂ ಹಂಗ ತಿಳಕೊಂಡಿದ್ನಿ, ವೈನಿ ಮನ್ಯಾಗ ಕುಡ್ದ ಬಂದಾರಂತ” ಎಂದ ಹನಮಂತಪ್ಪ. “ನೋಡಿದ್ರ ಇಬ್ರ ಮನ್ಯಾಗೂ ಇಲ್ಲ! ನಿಮ್ಮಪ್ಪ ಈ ಓಣ್ಯಾಗ ಎಷ್ಟ ಜಗಳ ಬಗೀಹರಿಸ್ಯಾರ. ಮದ್ಲ ಎರಡೂ ಮನಿ ಚಾ ಕುಡೀತಿದ್ರು, ಆಮ್ಯಾಲೆ ಇಬ್ರಿಗೂ ಬೈತಿದ್ರು. ನಮ್ಮ ಕಪ್ಪ ಮುಟ್ಟದಾಂವ ನಮಗೇನ ನ್ಯಾಯ ಹೇಳ್ತಾನಂತ ಇಬ್ರೂ ಕೂಡಿ ನಿಮಗ ಬೈದ್ವಿ. ಬೈಯೂದು ಮುಗ್ಯೂದ್ರಾಗ ಹೊತ್ತ ಮುಳುಗಿತ್ತು. ಗಾಡಿ ಹೊರಗ ನಿಂದರಸ್ತೇನಂದೆ. ಹಂಗಾರ ಗಾಡಿತನಕ ಕಾಯಿಪಲ್ಲೆ ಬುಟ್ಟಿ ಹೊರಾಕ ನಾ ಬರ್ತೇನಂದ್ಳು ವೈನಿ. ಮುಗೀತು.”

ಪ್ರಭುಲಿಂಗಪ್ಪ ನೂಲು ತಾಗದಂತೆ ಗೋಡೆಗೆ ಆತು ನಿಂತರು. ಜಗಳ ಬಗೆಹರಿದಿತ್ತು; ಓಣಿಯಲ್ಲಿ ಪರಕೀಯರಾಗಿ ಉಳಿದವರು ತಾವೊಬ್ಬರೇ. ಕೊನೆಗೆ ಹೇಳಿದರು:

“ತಪ್ಪಾತು. ಈಗ ಕೊಡ್ರಿ, ಕುಡೀತೇನಿ.”

“ಈಗ ಹಾಲ ತೀರ್ಯಾವ್ರಿ” ಎಂದಳು ತಿಪ್ಪವ್ವ.

ಮನೆಗೆ ಬಂದು ಹೇಳಿದಾಗ ಅನ್ನಪೂರ್ಣ ನಗಲಿಲ್ಲ. “ಮುಂದ ಯಾರರ ಕರದ್ರ, ಮದ್ಲ ಕಪ್ಪ ಹಿಡೀರಿ. ಮಾತು ಆಮ್ಯಾಲೆ” ಎಂದರು. ಹಾಗೆಯೇ ಮಾಡುವುದೆಂದು ಅವರೂ ನಿರ್ಧರಿಸಿದರು. ವೃತ್ತಿಯುದ್ದಕ್ಕೂ ಪಾಲಿಸಿದ ನಿಯಮವನ್ನು ಮುರಿಯುವ ಯೋಚನೆಯೇ ಹಿತವಾಗಿತ್ತು.

ವಾರದೊಳಗೆ ರೋಣ ರಸ್ತೆಯ ಸೈಕಲ್ ಅಂಗಡಿಯ ದಾದಾಪೀರ ಬಂದ. ಅವನಿಗೂ ತಮ್ಮ ಆರಿಫನಿಗೂ ಮನೆಯ ಮೆಟ್ಟಿಲಿನ ವಿಷಯಕ್ಕೆ ಮಾತು ನಿಂತಿತ್ತು. ಮೊಮ್ಮಗಳ ನಿಕಾಹಕ್ಕೆ ಮೊದಲು ರಾಜಿಯಾಗಬೇಕಿತ್ತು.

“ಇವತ್ತ ಬರ್ರಿ ಸಾಹೇಬ್ರ. ಮದ್ಲ ನಮ್ಮ ಮನಿ, ಆಮ್ಯಾಲೆ ತಮ್ಮನ ಮನಿ.”

“ಬರ್ತೇನಿ. ಮದ್ಲ ನಿಮ್ಮ ಮನ್ಯಾಗ ಚಾ ಕುಡ್ಯೂಣು.”

ದಾದಾಪೀರ ಗಾಬರಿಯಾದ. “ಅಯ್ ಬ್ಯಾಡ್ರಿ! ತಿಪ್ಪವ್ವನ ಓಣ್ಯಾಗ ಹ್ಯಾಂಗ ಮಾಡಿದ್ರಿ, ಹಂಗ ಮಾಡ್ರಿ. ಊರಾಗೆಲ್ಲ ಮಾತಾಗೇತಿ, ಜಡ್ಜ್ ಸಾಹೇಬ್ರು ಚಾ ಒಲ್ಲೆ ಅಂದ್ರ ಎರಡ ದಿನದಾಗ ಜಗಳ ಮುಗೀತೈತಂತ. ನೀವ್ ಕುಡದ್ರೋ, ಕೆಲಸ ಕೆಡತೈತ್ರಿ. ಕೈ ಮುಗೀತೇನಿ.”

ದಾದಾಪೀರನ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಅಲ್ಲಿಂದ ಗೋಡೆಗೆ ಗೋಡೆ ತಾಗಿದ ಆರಿಫನ ಮನೆಗೆ ಹೋದರು. ಆರಿಫನ ಹೆಂಡತಿ ಮೈಮುನಬಿ ಚಾಪೆಯ ಮೇಲೆ ಹೊಸ ಚಾದರ ಹಾಸಿ ಕೂರಿಸಿದಳು. ಶುಂಠಿ ಹಾಕಿ ಕುದಿಸಿದ ಚಹಾ ತಂದು, “ತಗೋರಿ ಅಣ್ಣಾರ, ನೀವ್ ನಮ್ಮನಿಗೆ ಬಂದದ್ದ ದೊಡ್ಡದು” ಎಂದಳು.

ಅವರ ಕೈ ಕಪ್ಪಿನವರೆಗೆ ಹೋಯಿತು. ಬಿಸಿ ಬೆರಳಿಗೆ ತಾಗಿತು. ಗೋಡೆಯಾಚೆ ದಾದಾಪೀರ ಒಂದೇ ಸಮನೆ ಕೆಮ್ಮತೊಡಗಿದ.

“ಬ್ಯಾಡ್ರಿ” ಎಂದರು ಪ್ರಭುಲಿಂಗಪ್ಪ, ಕಪ್ಪಿನಿಂದ ಕಣ್ಣು ತೆಗೆಯದೆ. “ನಾ ತಗೊಳ್ಳೂದಿಲ್ಲ.”

ಮೈಮುನಬಿಯ ಮುಖ ಬಿಗಿಯಿತು. ಸಂಧಾನ ಶುರುವಾಗಿತ್ತು.