ಹನ್ನೊಂದನೇ ಪ್ರಶ್ನೆಗೆ ಅಪ್ಪನ ಉತ್ತರ

೧. ಎಲ್ಲಿಂದ ಶುರು ಮಾಡಲಿ? ‘ಸಮಾಜ ಅತಿರೇಕಕ್ಕೆ ಹೋಗುತ್ತಿದೆ’ ಎಂದು ಬರೆದು ಹೊಡೆದುಹಾಕಿದೆ. (ಅದು ಸಂಪಾದಕೀಯ. ನೀವು ಪುಟ ತಿರುಗಿಸುತ್ತೀರಿ, ನನಗೆ ಗೊತ್ತು.)

೨. ಸರಿ, ಒಬ್ಬಳಿದ್ದಾಳೆ. ಫೋನಿನಲ್ಲಿ ಜನಾಭಿಪ್ರಾಯ ಕೇಳುವುದು ಅವಳ ಕೆಲಸ. ಎದುರಿಗೆ ಐದು ಖಾನೆ: ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ. ಎರಡೂ ತುದಿಗಳಿಗೆ ಆಫೀಸಿನಲ್ಲಿ ‘ಎಕ್ಸ್‌ಟ್ರೀಮ್’ ಎಂದು ಹೆಸರು. ಅವಳು ಗಂಡನನ್ನು ಬಿಟ್ಟು ಮೂರು ತಿಂಗಳಿಂದ ಹಾಸ್ಟೆಲ್ಲಿನಲ್ಲಿದ್ದಾಳೆ. ತವರಿಗೆ ಹೋಗುವಾಸೆ; ಅಪ್ಪನನ್ನು ಕೇಳುವ ಧೈರ್ಯವಿಲ್ಲ. ಅದಕ್ಕೇ ಇವತ್ತು, ಪಟ್ಟಿಯಲ್ಲಿಲ್ಲದ ಅಪ್ಪನ ನಂಬರು ಒತ್ತಿದ್ದಾಳೆ. ಮೇಲ್ವಿಚಾರಕಿ ಕರೆ ಕೇಳಿಸಿಕೊಳ್ಳುತ್ತಿರುತ್ತಾಳೆ, ಆದ್ದರಿಂದ ಬರೆದುಕೊಟ್ಟದ್ದು ಬಿಟ್ಟು ಒಂದಕ್ಷರ ಆಡುವಂತಿಲ್ಲ.

೩. “ಹನ್ನೊಂದನೇ ಪ್ರಶ್ನೆ. ಗಂಡನನ್ನು ಬಿಟ್ಟ ಮಗಳು ತವರಿಗೆ ಮರಳಬಹುದು. ಒಪ್ಪುತ್ತೀರಾ?”

ಅಪ್ಪ ದರ್ಜಿ. ಅತ್ತಕಡೆ ಮಷೀನಿನ ಸದ್ದು ನಿಂತಿತು.

“ಯಾರ ಮಗಳು?”

“ಸಾಮಾನ್ಯವಾಗಿ, ಯಾವುದೇ ಮಗಳು.” (ಹೀಗೇ ಹೇಳಬೇಕೆಂದು ಟ್ರೈನಿಂಗಿನಲ್ಲಿ ಕಲಿಸಿದ್ದಾರೆ.)

“ಯಾವುದೇ ಮಗಳು ಅಂದ್ರೆ ಖಂಡಿತ ಬೇಡ, ಬರ್ಕೊಳ್ಳಿ. ಊರ ಬಾಯಿ ಮುಚ್ಚೋಕಾಗುತ್ತಾ?” ಆಮೇಲೆ ದನಿ ತಗ್ಗಿಸಿ, “ನನ್ನ ಮಗಳು ಅಂತ ಬೇರೆ ಖಾನೆ ಇಲ್ವಾ ಮೇಡಂ?”

“ಇಲ್ಲ ಸಾರ್.”

“ಇಲ್ದಿದ್ರೆ ಒಂದು ಗೆರೆ ಎಳ್ಕೊಳ್ಳಿ. ಏನು ಮಹಾ. ಗಂಟಲು ಕಟ್ಟಿದೆ ನಿಮಗೆ, ಬಿಸಿನೀರು ಕುಡೀರಿ.”

೪. ಇಲ್ಲಿ ಕತೆ ಬರೆಯುತ್ತಿರುವ ನನಗೂ ಅವಳಿಗೂ ಜಗಳ. ಅಪ್ಪನನ್ನು ಉಗ್ರ ಸಂಪ್ರದಾಯವಾದಿ ಮಾಡಲು ಹೊರಟಿದ್ದೆ. ಪುಕ್ಕಟೆ ವಿಲನ್ ಸಿಗುತ್ತಿದ್ದ.

“ಐದನೇದು ಒತ್ತಮ್ಮ.”

“ಅದು ಅಪ್ಪನ ಉತ್ತರ ಅಲ್ಲ.”

“ಒಂದನೇದು? ಓದುಗರು ಕಣ್ಣೊರೆಸಿಕೊಳ್ತಾರೆ.”

“ಅದೂ ಸುಳ್ಳು. ಪಕ್ಕದ್ಮನೆ ಹುಡುಗಿ ವಾಪಸ್ ಬಂದಾಗ ಅಪ್ಪ ಏನಂದ್ರು ಅಂತ ನನ್ನ ಕಿವಿಯಾರೆ ಕೇಳಿದೀನಿ.”

“ಹಾಗಾದ್ರೆ ಮಧ್ಯದ್ದು. ಸಮತೋಲನ!”

“ಮಧ್ಯ ಅಂದ್ರೇನು ಸಾರ್, ಅರ್ಧ ಬಾಗಿಲು ತೆಗೆಯೋದಾ?”

ಯಾವುದನ್ನೂ ಒತ್ತದೆ ಹೆಡ್‌ಫೋನ್ ಕಳಚಿಟ್ಟು, ಬ್ಯಾಗು ಹೆಗಲಿಗೇರಿಸಿದಳು. ಮೇಲ್ವಿಚಾರಕಿ ಕೂಗಿದಳು. ನಾನೂ ಕೂಗಿದೆ.

೫. ಅಂತ್ಯ ಒಂದು: ಅಪ್ಪ ಬಾಗಿಲಲ್ಲೇ ಕಾದಿದ್ದಾರೆ. ಅಂತ್ಯ ಎರಡು: ಬೀದಿಯವರೆಲ್ಲ ನೋಡುತ್ತಿದ್ದಾರೆ, ಅಪ್ಪ ಮತ್ತೆ ‘ಯಾವುದೇ ಮಗಳು’ ಎಂಬ ಲೆಕ್ಕಕ್ಕೆ ಬಂದುಬಿಟ್ಟಿದ್ದಾರೆ. ಬೇಕಾದ್ದು ಆರಿಸಿಕೊಳ್ಳಿ. ನಾನಂತೂ ಅವಳನ್ನು ಬಸ್ಸಿನಲ್ಲೇ ಕೂರಿಸಿದ್ದೇನೆ, ಇಳಿಸಲು ಕೈ ಬರುತ್ತಿಲ್ಲ.

(ನನ್ನ ಅಕ್ಕ ಹೀಗೇ ಸೂಟ್‌ಕೇಸ್ ಹಿಡಿದು ಬಂದು ಗೇಟಿನಲ್ಲಿ ನಿಂತಿದ್ದಳು. ನಾನು ಬೈಯಲಿಲ್ಲ. ಬಾ ಎನ್ನಲೂ ಇಲ್ಲ. “ನೋಡೋಣ” ಎಂದೆ. ಅವಳು ತಲೆಯಾಡಿಸಿ ಹೊರಟುಹೋದಳು. ಇವತ್ತಿನವರೆಗೂ ಯಾರೂ ನನ್ನನ್ನು ಎಕ್ಸ್‌ಟ್ರೀಮ್ ಎಂದಿಲ್ಲ.)