ಹಿಂದಲೆಯ ಗುರುತು

“ನಮ್ಮ ನಾದಿನಿಗೆ ಬೇಕಾಗಿತ್ತು,” ಎಂದಳು ಅವಳು, ಕತ್ತರಿಯಾಡಿಸುತ್ತಲೇ. “ಹತ್ತಿರದಲ್ಲಿ ಒಳ್ಳೆ ಸೈಕಾಲಜಿಸ್ಟ್ ಯಾರಾದ್ರೂ ಗೊತ್ತಾ, ಮೇಷ್ಟ್ರೇ?”

ಗಣಿತದ ಮೇಷ್ಟ್ರು ಕನ್ನಡಿಯಲ್ಲಿ ಅವಳನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು. ಮೂಲೆಯಲ್ಲಿ ಟವೆಲು ಮಡಿಸುತ್ತಿದ್ದ ಅತ್ತೆ ಮಾತ್ರ ಸುಮ್ಮನಿರಲಿಲ್ಲ.

“ನನ್ನ ಮಗಳಿಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದ್ದಾಳೆ!”

“ಅತ್ತೆ!”

“ಸರಿ, ಸರಿ. ಅವಳಿಗೇ. ಪಾಪ, ತುಂಬ ಕಷ್ಟದಲ್ಲಿದ್ದಾಳೆ.”

ಕ್ಷೌರದಂಗಡಿ ಗಂಡನದು. ಅವನು ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಕತ್ತರಿ ಹಿಡಿದರೆ ಕೈ ಹೇಳಿದ ಹಾಗೆ ಕೇಳುತ್ತಿತ್ತು. ಅವನ ರೇಜರ್ ಹಿಡಿದರೆ ನಡುಗುತ್ತಿತ್ತು. ಗಡ್ಡಕ್ಕೆ ಬಂದವರನ್ನು ಏನಾದರೊಂದು ನೆಪ ಹೇಳಿ ಕಳಿಸುತ್ತಿದ್ದಳು. ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ನರಗಳಿಗೇನೂ ಆಗಿಲ್ಲ, ಸೈಕಾಲಜಿಸ್ಟ್ ಹತ್ತಿರ ಹೋಗಿ ಎಂದಿದ್ದರು ಡಾಕ್ಟರು. “ಬೋರ್ಡು ಹಾಕಿದವರನ್ನೆಲ್ಲ ನಂಬಬೇಡಿಯಮ್ಮ. ಲೈಸೆನ್ಸ್ ಇದೆಯಾ ಅಂತ ಕೇಳಿ.” ಆದರೆ ತಲೆ ಸರಿಯಿಲ್ಲದವಳ ಕೈಗೆ ತಲೆ ಕೊಡುವವರು ಯಾರು? ಆ ಹೆದರಿಕೆಗೇ ಅವಳು ನಾದಿನಿಯ ನೆಪದ ಮೊರೆ ಹೊಕ್ಕಿದ್ದು.

ಮೊದಲು ಫೋನ್ ಮಾಡಿದ್ದು ಬಸ್ಸಿನ ಹಿಂದೆ ಜಾಹೀರಾತು ಹಾಕಿಸಿದ್ದವನಿಗೆ. ಲೈಸೆನ್ಸ್ ಇದೆಯಾ ಎಂದರೆ, “ನಂಬಿಕೆಯೇ ಲೈಸೆನ್ಸು, ತಾಯಿ” ಎಂದಿದ್ದ. ಅತ್ತೆ ಫೋನು ಕಿತ್ತುಕೊಂಡಿದ್ದರು. “ನನಗೂ ನನ್ನ ಮೇಲೆ ಭಾರೀ ನಂಬಿಕೆ ಇದೆಯಪ್ಪಾ. ಆ ಬಸ್ಸು ಓಡಿಸ್ತೀನಿ, ಹತ್ತಿ ಕೂರ್ತೀಯಾ?”

ಕಟಿಂಗ್ ಮುಗಿಸಿ ಹೊರಟಿದ್ದ ಮೇಷ್ಟ್ರು ಬಾಗಿಲಿನಿಂದ ಹಿಂದಿರುಗಿ ಬಂದರು. “ಕನ್ನಡಕದ ಅಂಗಡಿ ಇದೆಯಲ್ಲ, ಅದರ ಮೇಲಿನ ಮಹಡಿ,” ಎಂದು ಪಿಸುಗುಟ್ಟಿದರು. “ಹೆಂಗಸು. ಲೈಸೆನ್ಸು ಗೋಡೆ ಮೇಲೇ ತೂಗುಹಾಕಿದ್ದಾರೆ. ನಾನು ಹೋಗಿಲ್ಲ ಮತ್ತೆ! ನಮ್ಮ ಭಾವಮೈದುನ ಹೋಗ್ತಾನೆ.”

ಸಂಜೆ ಅಂಚೆಯವನು ಅದೇ ಮಹಡಿ ಹೇಳಿದ. ಹೋಗುತ್ತಿದ್ದುದು ಅವನ ಷಡ್ಡಕ. ಮರುದಿನ ಬೇಕರಿಯವನೂ ಅದನ್ನೇ ಹೇಳಿದ. ಅವನ ಮಾವ ಹೋಗುತ್ತಿದ್ದರು.

“ಈ ಊರಲ್ಲಿ ಹೆಂಡತಿ ಕಡೆಯವರ ಗತಿ ನೋಡೇ!” ಎಂದರು ಅತ್ತೆ.

ಅವಳು ಮೆಟ್ಟಿಲು ಹತ್ತಿ ಹೋದಾಗ ಕಾಯುವ ಕೋಣೆಯಲ್ಲಿ ಮೂವರಿದ್ದರು. ಹೆಜ್ಜೆಯ ಸದ್ದಿಗೆ ಮೂವರೂ ತಟ್ಟನೆ ಕಿಟಕಿಯತ್ತ ತಿರುಗಿಕೊಂಡರು. ಬೇರೆಯವರಾಗಿದ್ದರೆ ಅದು ಸಾಕಾಗುತ್ತಿತ್ತು. ಅವಳಿಗೋ ಹಿಂದಲೆಯೇ ಮುಖ. ಎಡಕ್ಕೆ ಸರಿದ ಸುಳಿ ಮೇಷ್ಟ್ರದು. ಜೋಡಿ ಸುಳಿ ಬೇಕರಿಯವನದು. ಬಲಗಿವಿಯ ಹಿಂದೆ ಕೂದಲು ಒಂದಿಷ್ಟು ಏರುಪೇರಾಗಿದ್ದದ್ದು ಅಂಚೆಯವನದು. ಅದು ಅಲ್ಲಿ ರೇಜರ್ ಆಡಿಸಿದ್ದ ಅವಳದೇ ಕೈಯ ಕೆಲಸ.

ಸದ್ದಿಲ್ಲದೆ ಇಳಿದು ಹೋಗಬಹುದಿತ್ತು. ಒಂದು ಮೆಟ್ಟಿಲು ಇಳಿದಳು ಕೂಡ. ಆಮೇಲೆ ಮತ್ತೆ ಹತ್ತಿದಳು.

“ಮೇಷ್ಟ್ರೇ, ಭಾವಮೈದುನ ಹೇಗಿದ್ದಾರೆ?”

ಮೇಷ್ಟ್ರ ಕಿವಿ ಕೆಂಪಾಯಿತು. “ಅವನಿಗೇನು, ಚೆನ್ನಾಗಿದ್ದಾನೆ,” ಎಂದರು ಕಿಟಕಿಗೆ. “ನಿಮ್ಮ ನಾದಿನಿ?”

“ಗುಂಡುಕಲ್ಲಿನ ಹಾಗಿದ್ದಾಳೆ. ಬಂದಿರೋದು ನಾನೇ.”

ಬೇಕರಿಯವನ ಹೊಟ್ಟೆ ಮೊದಲು ಕುಲುಕಿತು. ಅಂಚೆಯವನು ಇತ್ತ ತಿರುಗಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. “ಕೂತ್ಕೊಳ್ಳಿ ಅಕ್ಕ. ನನ್ನ ಸರದಿ ನೀವೇ ತಗೊಳ್ಳಿ. ನಿಮ್ಮ ಕೈ ಸರಿಹೋದ್ರೆ ನಮ್ಮ ಗಡ್ಡಕ್ಕೂ ಒಂದು ಗತಿ ಕಾಣುತ್ತೆ.”

ಅವಳು ಅವನನ್ನೇ ನೋಡಿದಳು. “ನಿಮಗೆಲ್ಲ ಗೊತ್ತಿತ್ತಾ?”

“ಕನ್ನಡಿ ಇರೋದು ನಿಮಗೊಬ್ಬರಿಗೇನಾ?” ಎಂದರು ಮೇಷ್ಟ್ರು. “ತಿಂಗಳುಗಟ್ಟಲೆ ನಿಮ್ಮ ಕೈ ನೋಡ್ಕೊಂಡೇ ತಲೆ ಕೊಟ್ಟಿದ್ದೀವಿ.”

ಅವಳಿಗೆ ನಗು ಬಂತು. ಬಹಳ ದಿನ ಉಪಯೋಗಿಸದೆ ಇಟ್ಟಿದ್ದ ವಸ್ತುವಿನಂತೆ ಮೊದಲು ಅಲ್ಲಲ್ಲಿ ಸಿಕ್ಕಿಕೊಂಡು, ಆಮೇಲೆ ಸಲೀಸಾಗಿ ಬಂತು. ಗಲಾಟೆ ಕೇಳಿ ಒಳಗಿನ ಬಾಗಿಲು ತೆರೆಯಿತು. ಮನಶ್ಶಾಸ್ತ್ರಜ್ಞೆ ನಾಲ್ವರನ್ನೂ ನೋಡಿ, ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ಒಳಗೆ ಕರೆದರು.

ಒಳಗೆ ಎರಡು ಕುರ್ಚಿ, ಒಂದು ಸಣ್ಣ ಮೇಜು. ಅವಳು ಕೂತು, ಬಲಗೈಯನ್ನು ಮೇಜಿನ ಮೇಲೆ ಅಂಗಾತವಾಗಿ ಇಟ್ಟಳು. ಮನಶ್ಶಾಸ್ತ್ರಜ್ಞೆ ಅದನ್ನು ನೋಡಿದರು, ಅವಸರ ಮಾಡಲಿಲ್ಲ. ಹೊರಗೆ ಬೇಕರಿಯವನು ಏನೋ ಹೇಳಿದ; ಮತ್ತೆ ನಗು. ಅದು ನಿಲ್ಲಲಿ ಎಂದು ಇಬ್ಬರೂ ಕಾದರು. ನಿಲ್ಲುವ ಲಕ್ಷಣ ಕಾಣಲಿಲ್ಲ.